ಪರಿಸರ ಸಾಕ್ಷ್ಯಚಿತ್ರ: ಮನುಷ್ಯನ ನಡವಳಿಕೆ ಮತ್ತು ಮಲಪ್ರಭೆಯ ಪಾಠ

ಕಾಡು, ನದಿ, ಸಾಗರ ಹಾಗೂ ವನ್ಯಜೀವಿಗಳ ಬದುಕನ್ನು ಯಥಾವತ್ತಾಗಿ ಚಿತ್ರೀಕರಿಸಿ ನಿರೂಪಿಸುವ ಚಿತ್ರಗಳನ್ನು ಪರಿಸರ ಸಾಕ್ಷ್ಯಚಿತ್ರಗಳೆಂದು ಕರೆಯಲಾಗುತ್ತದೆ. ಇವುಗಳಲ್ಲಿ ಒಂದು ವರ್ಗ ಪ್ರಕೃತಿಯ ಸೊಬಗನ್ನು ತೋರಿಸಿದರೆ, ಇನ್ನೊಂದು ವರ್ಗ ಮನುಷ್ಯನ ನಿತ್ಯದ ರೂಢಿಗಳು ಪ್ರಕೃತಿಯ ಮೇಲೆ ಉಂಟುಮಾಡುವ ಪರಿಣಾಮವನ್ನು ಪರಿಶೀಲಿಸುತ್ತದೆ. ಇಂಥ ಚಿತ್ರಗಳಿಂದ ನೋಡುಗರ ನಡವಳಿಕೆ ನಿಜಕ್ಕೂ ಬದಲಾಗುತ್ತದೆಯೇ ಎಂಬುದು ಈ ಎರಡನೆಯ ವರ್ಗದ ಮುಂದಿರುವ ಮುಖ್ಯ ಪ್ರಶ್ನೆ.

ಅಧ್ಯಯನಗಳು ಹೇಳುವುದೇನು?

ಅಮೆರಿಕದ ಮಾಜಿ ಉಪಾಧ್ಯಕ್ಷ ಅಲ್ ಗೋರ್ ಅವರ ಉಪನ್ಯಾಸಗಳನ್ನು ಆಧರಿಸಿದ ‘ಆ್ಯನ್ ಇನ್‌ಕನ್ವೀನಿಯೆಂಟ್ ಟ್ರೂತ್’ 2006ರಲ್ಲಿ ತೆರೆಕಂಡಿತು. ಚಿತ್ರ ಪ್ರದರ್ಶನಗೊಂಡ ಊರುಗಳ ಸುತ್ತಮುತ್ತ, ತಮ್ಮ ಇಂಗಾಲದ ಹೊರಸೂಸುವಿಕೆಗೆ ಪರಿಹಾರವಾಗಿ ಜನರು ಸ್ವಇಚ್ಛೆಯಿಂದ ಹಣ ತೆರುವ ಪ್ರಮಾಣ ಎರಡು ತಿಂಗಳ ಅವಧಿಯಲ್ಲಿ ಸುಮಾರು ಶೇ. 50ರಷ್ಟು ಏರಿತೆಂದು 2011ರಲ್ಲಿ ಪ್ರಕಟವಾದ ಅಧ್ಯಯನವೊಂದು ತಿಳಿಸಿತು. ಆದರೆ ಒಂದು ವರ್ಷದ ನಂತರವೂ ಆ ಉತ್ಸಾಹ ಉಳಿದಿತ್ತೆಂಬುದಕ್ಕೆ ಆಧಾರ ದೊರೆಯಲಿಲ್ಲ. ಸಾಗರ ಜೀವಿಗಳನ್ನು ಕುರಿತ ಬಿಬಿಸಿಯ ‘ಬ್ಲೂ ಪ್ಲಾನೆಟ್ 2’ (2017) ಸರಣಿಯನ್ನು ಆಧರಿಸಿ ನಡೆದ, 2020ರಲ್ಲಿ ಪ್ರಕಟವಾದ ಪ್ರಯೋಗದಲ್ಲಿಯೂ ವೀಕ್ಷಕರ ತಿಳಿವಳಿಕೆ ಹೆಚ್ಚಿತೇ ಹೊರತು ಪ್ಲಾಸ್ಟಿಕ್ ಪೊಟ್ಟಣಗಳ ಆಯ್ಕೆಯಲ್ಲಿ ಬದಲಾವಣೆ ಕಾಣಲಿಲ್ಲ. ಅರಿವು ಮೂಡುವುದಕ್ಕೂ ರೂಢಿ ಬದಲಾಗುವುದಕ್ಕೂ ನಡುವೆ ಸಾಕಷ್ಟು ಅಂತರವಿದೆ ಎಂಬುದು ಇದರಿಂದ ಸ್ಪಷ್ಟ.

ಕರ್ನಾಟಕದ ಉದಾಹರಣೆಗಳು

ಡೇವಿಡ್ ಅಟೆನ್‌ಬರೋ ಅವರ ಇಂಗ್ಲಿಷ್ ನಿರೂಪಣೆಯ ‘ವೈಲ್ಡ್ ಕರ್ನಾಟಕ’ 2020ರಲ್ಲಿ ಚಿತ್ರಮಂದಿರಗಳಿಗೆ ಬಂದಿತು. ನಟ ಪುನೀತ್ ರಾಜ್‌ಕುಮಾರ್ ನಿಧನರಾದ ಒಂದು ವರ್ಷಕ್ಕೆ, 2022ರ ಅಕ್ಟೋಬರ್‌ನಲ್ಲಿ, ಅವರ ‘ಗಂಧದ ಗುಡಿ’ ಬಿಡುಗಡೆಯಾಯಿತು. ನಾಡಿನ ವನ್ಯಸಂಪತ್ತನ್ನು ಇವು ಸಾಮಾನ್ಯ ಪ್ರೇಕ್ಷಕರ ಬಳಿಗೆ ಕೊಂಡೊಯ್ದವು.

ಇವುಗಳಿಗಿಂತ ಬಹಳ ಹಿಂದೆ, 2001ರಲ್ಲಿ, ಚೆನ್ನೈನ ಶೇಖರ್ ದತ್ತಾತ್ರಿ ‘ಮೈಂಡ್‌ಲೆಸ್ ಮೈನಿಂಗ್’ ಎಂಬ ಕಿರುಚಿತ್ರ ನಿರ್ಮಿಸಿದರು. ಕುದುರೆಮುಖದ ಅದಿರು ಗಣಿಗಾರಿಕೆಯಿಂದ ಭದ್ರಾ ನದಿಗೂ ಶೋಲಾ ಕಾಡಿಗೂ ಒದಗಿದ ಹಾನಿ ಅದರ ವಸ್ತು. ನಾಗರಹೊಳೆಯ ಮಾಜಿ ಅರಣ್ಯಾಧಿಕಾರಿ ಕೆ.ಎಂ. ಚಿಣ್ಣಪ್ಪ ಅವರ ಹೆಸರಿನ ಪ್ರಕರಣದಲ್ಲಿ 2002ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ತೀರ್ಪು ನೀಡಿತು. 2005ರ ಅಂತ್ಯಕ್ಕೆ ಗಣಿಗಾರಿಕೆ ನಿಂತಿತು. ಚಿತ್ರವೊಂದರಿಂದಲೇ ಇದು ಸಾಧ್ಯವಾಗಲಿಲ್ಲ. ಕಾನೂನು ಹೋರಾಟ, ಜನಾಭಿಪ್ರಾಯ ಮತ್ತು ದೃಶ್ಯಸಾಕ್ಷ್ಯ ಒಂದೇ ಗುರಿಯತ್ತ ಸಾಗಿದ್ದು ಫಲ ಕೊಟ್ಟಿತು.

ಮಲಪ್ರಭೆಯ ಕಥೆ

ಕುದುರೆಮುಖದಲ್ಲಿ ಹಾನಿಯ ಮೂಲ ಒಂದೇ ಗಣಿಯಾಗಿತ್ತು. ಲಕ್ಷಾಂತರ ಜನರ ರೂಢಿಗಳು ಸೇರಿ ಹಾನಿಯಾಗುವ ಕಡೆ ಕೆಲಸ ಇನ್ನಷ್ಟು ಕಠಿಣ. ಬೆಳಗಾವಿ ಜಿಲ್ಲೆಯ ಮಲಪ್ರಭಾ ಕಣಿವೆ ಇದಕ್ಕೆ ನಿದರ್ಶನ. ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ ಹುಟ್ಟುವ ನದಿಯು ಕಿತ್ತೂರು, ಬೈಲಹೊಂಗಲ ಸೀಮೆಯನ್ನು ಹಾದು ಸವದತ್ತಿ ತಾಲ್ಲೂಕಿನ ನವಿಲುತೀರ್ಥ ಜಲಾಶಯ ಸೇರುತ್ತದೆ. ಅಲ್ಲಿಂದ ರಾಮದುರ್ಗದತ್ತ ಸಾಗಿ ಕೂಡಲಸಂಗಮದಲ್ಲಿ ಕೃಷ್ಣೆಯೊಡನೆ ಕೂಡುತ್ತದೆ. ಜಲಾಶಯದ ಸಾಮರ್ಥ್ಯ 37.73 ಟಿಎಂಸಿ ಅಡಿ. ಹುಬ್ಬಳ್ಳಿ-ಧಾರವಾಡದ ಕುಡಿಯುವ ನೀರಿಗೂ ಇದೇ ಆಸರೆ.

ನದಿಮೂಲದಲ್ಲಿ ಮಳೆ ಧಾರಾಳ. ರಾಮದುರ್ಗದ ಕಡೆ ವರ್ಷಕ್ಕೆ 600 ಮಿಲಿಮೀಟರ್ ಆಸುಪಾಸು ಮಾತ್ರ. ಕಬ್ಬು ಬಯಸುವುದು 1,500ರಿಂದ 2,500 ಮಿಲಿಮೀಟರ್ ನೀರು. ಆದರೂ ಜೋಳ, ಹತ್ತಿಯ ಹೊಲಗಳನ್ನು ಕಬ್ಬು ಆವರಿಸಿದೆ. ಇದಕ್ಕೆ ಕಾರಣಗಳಿವೆ: ದರಕ್ಕೆ ಸರಕಾರದ ಆಧಾರವಿದೆ, ಕೊಳ್ಳಲು ಕಾರ್ಖಾನೆಯಿದೆ, ಒಮ್ಮೆ ನಾಟಿ ಮಾಡಿದರೆ ಕೂಳೆ ಬೆಳೆಯೂ ಕೈಗೆ ಬರುತ್ತದೆ. ಮೇಲಿನ ಪಾತ್ರದಲ್ಲಿ ಪಂಪ್‌ಸೆಟ್ ಮತ್ತು ಬೋರ್‌ವೆಲ್‌ಗಳು ಎತ್ತಿದ ನೀರು ಜಲಾಶಯ ತಲುಪದು. ಕಾಲುವೆಯಂಚಿನ ಎರೆ ಭೂಮಿಯಲ್ಲಿ ಅತಿಯಾಗಿ ಹರಿಸಿದ ನೀರು ಹೊಲಗಳನ್ನು ಸವಳು-ಜವಳಾಗಿಸಿದೆ.

ಅಣೆಕಟ್ಟಿನ ಕೆಳಗೆ ಇನ್ನೊಂದು ಸಮಸ್ಯೆ. ಬರದ ವರ್ಷಗಳಲ್ಲಿ ಬತ್ತುವ ಪಾತ್ರವನ್ನು ಉಳುಮೆ, ಒತ್ತುವರಿಗಳು ಕಿರಿದಾಗಿಸಿದವು. 2019ರ ಆಗಸ್ಟ್‌ನಲ್ಲಿ ಭಾರಿ ಪ್ರಮಾಣದ ನೀರು ಹೊರಬಿಟ್ಟಾಗ ಮುನವಳ್ಳಿ, ರಾಮದುರ್ಗ ಮತ್ತು ನದಿದಂಡೆಯ ಹಳ್ಳಿಗಳು ಜಲಾವೃತವಾದವು. ಸವದತ್ತಿಯ ಯಲ್ಲಮ್ಮನ ಗುಡ್ಡಕ್ಕೆ ಹುಣ್ಣಿಮೆಗಳಂದು ಬರುವ ಲಕ್ಷಾಂತರ ಭಕ್ತರು ಬಿಟ್ಟುಹೋಗುವ ಪ್ಲಾಸ್ಟಿಕ್ಕೂ ಈ ಕಥೆಯ ಒಂದು ಅಧ್ಯಾಯವೇ.

ಚಿತ್ರ ಹೇಗಿರಬೇಕು?

ಇಂಥ ಕಣಿವೆಯಲ್ಲಿ ರೈತನನ್ನೋ ಭಕ್ತನನ್ನೋ ದೂಷಿಸುವ ಚಿತ್ರದಿಂದ ಪ್ರಯೋಜನವಿಲ್ಲ. 1980ರ ಜುಲೈನಲ್ಲಿ ನರಗುಂದ-ನವಲಗುಂದದ ರೈತರು ಗೋಲಿಬಾರಿಗೆ ಬಲಿಯಾದದ್ದು ಇದೇ ಮಲಪ್ರಭಾ ಅಚ್ಚುಕಟ್ಟಿನ ಕರಭಾರದ ವಿರುದ್ಧದ ಚಳವಳಿಯಲ್ಲಿ ಎಂಬುದನ್ನು ಮರೆಯುವಂತಿಲ್ಲ. ಕಬ್ಬಿನ ಲೆಕ್ಕಾಚಾರವನ್ನು ಬೆಳೆಗಾರನ ಮಾತಿನಲ್ಲೇ ಕೇಳಿಸಿ, ಅದೇ ನೀರಿಗೆ ಕಾಯುವ ಕೆಳದಂಡೆಯ ಹೊಲವನ್ನೂ ನಗರದ ನಲ್ಲಿಯನ್ನೂ ಒಂದೇ ಸರಣಿಯಲ್ಲಿ ತೋರಿಸುವ ಚಿತ್ರ ಬೇಕು. ಹನಿ ನೀರಾವರಿ, ಜೋಳಕ್ಕೆ ಭರವಸೆಯ ಖರೀದಿ, ನದಿಪಾತ್ರದ ಗಡಿ ಗುರುತಿಸುವಿಕೆಯಂಥ ದಾರಿಗಳೂ ಅದರಲ್ಲಿರಬೇಕು. ಅದು ಬೆಂಗಳೂರಿನ ಉತ್ಸವಗಳಿಗೆ ಸೀಮಿತವಾಗದೆ ಗ್ರಾಮಸಭೆ ಮತ್ತು ನೀರು ಬಳಕೆದಾರರ ಸಂಘಗಳಲ್ಲಿ, ನಾಟಿಗೆ ಮುನ್ನವೇ ಪ್ರದರ್ಶನಗೊಳ್ಳಬೇಕು. ಬೆಳೆಯ ಆಯ್ಕೆ ತೀರ್ಮಾನವಾಗುವುದು ಆಗಲೇ.

ಚಿತ್ರ ಮುಗಿದ ಬಳಿಕ ನಡೆಯುವ ಚರ್ಚೆ, ಅದರಿಂದ ಹೊಮ್ಮುವ ನಿರ್ಣಯ ಹಾಗೂ ನಿರ್ಣಯದ ಪಾಲನೆಯೇ ಪರಿಸರ ಸಾಕ್ಷ್ಯಚಿತ್ರದ ಯಶಸ್ಸಿನ ನಿಜವಾದ ಮಾನದಂಡ.