ಗರ್ನ್ಸಿ ದ್ವೀಪದ ಮಕ್ಕಳು (1940–45)

ಫ್ರಾನ್ಸಿನ ಕರಾವಳಿಗೆ ಹತ್ತಿರವಿರುವ ಗರ್ನ್ಸಿ, ಎರಡನೆಯ ಮಹಾಯುದ್ಧದಲ್ಲಿ ಜರ್ಮನರ ವಶವಾದ ಬ್ರಿಟಿಷ್ ಒಡೆತನದ ದ್ವೀಪಗಳಲ್ಲೊಂದು. 1940ರ ಜೂನ್ 19ರಂದು, ಮಕ್ಕಳನ್ನು ಇಂಗ್ಲೆಂಡಿಗೆ ಕಳುಹಿಸುವವರು ಅಂದೇ ಹೆಸರು ಬರೆಸಬೇಕೆಂಬ ಪ್ರಕಟಣೆ ಹೊರಟಿತು. ತಂದೆತಾಯಿಗಳಿಗೆ ಯೋಚಿಸಲು ಸಿಕ್ಕಿದ್ದು ಕೆಲವೇ ಗಂಟೆ. ಸುಮಾರು 42,000 ಜನರಲ್ಲಿ 17,000 ಮಂದಿ ದ್ವೀಪ ಬಿಟ್ಟರು. ಅವರಲ್ಲಿ ಸುಮಾರು 5,000 ಶಾಲಾಮಕ್ಕಳು. ಹೆಚ್ಚಿನವರು ಹೋದದ್ದು ಶಿಕ್ಷಕರ ಜೊತೆ, ಹೆತ್ತವರನ್ನು ಬಿಟ್ಟು. ಜೂನ್ 30ರಂದು ಬಂದಿಳಿದ ಜರ್ಮನ್ ಸೇನೆ 1945ರ ಮೇ 9ರವರೆಗೆ ಅಲ್ಲಿತ್ತು. ಹೀಗೆ ಒಂದೇ ಊರಿನ ಮಕ್ಕಳು ಒಂದೇ ಯುದ್ಧದಲ್ಲಿ ಎರಡು ಬಗೆಯ ಬಾಲ್ಯ ಕಂಡರು. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ, ಎಳೆಯ ಮಗುವಿನ ಪಾಲಿಗೆ ಯುದ್ಧದ ತೀವ್ರತೆಯನ್ನು ನಿರ್ಧರಿಸುವುದು ಬೀದಿಯ ಸೈನಿಕನಿಗಿಂತ ಹೆಚ್ಚಾಗಿ ಸಾಕುವ ಕೈ ತಪ್ಪಿತೇ ಉಳಿಯಿತೇ ಎಂಬುದು ಎಂದು ಹೇಳಬೇಕಾಗುತ್ತದೆ.

ದ್ವೀಪದಲ್ಲೇ ಉಳಿದ ಮಕ್ಕಳ ಕಷ್ಟ ಸಣ್ಣದಲ್ಲ. ಶಾಲೆಯಲ್ಲಿ ಜರ್ಮನ್ ಭಾಷೆ ಕಲಿಯಬೇಕಾಯಿತು. ಮನೆಯ ರೇಡಿಯೊ ಮುಟ್ಟುಗೋಲಾಯಿತು. 1942ರ ಸೆಪ್ಟೆಂಬರಿನಿಂದ ಗರ್ನ್ಸಿಯೂ ಸೇರಿದ ಚಾನೆಲ್ ದ್ವೀಪಗಳ ಎರಡು ಸಾವಿರಕ್ಕೂ ಹೆಚ್ಚು ಜನರನ್ನು ಜರ್ಮನಿಗೆ ಸಾಗಿಸಲಾಯಿತು. ಬೀಬೆರಾಖ್ ಶಿಬಿರದ ಮುಳ್ಳುತಂತಿಯ ಹಿಂದೆ ಗರ್ನ್ಸಿಯ ಅನೇಕ ಕುಟುಂಬಗಳು ಮಕ್ಕಳೊಂದಿಗೆ ಯುದ್ಧ ಮುಗಿಯುವವರೆಗೂ ಇದ್ದವು. 1944ರಲ್ಲಿ ಮಿತ್ರಪಡೆಗಳು ನಾರ್ಮಂಡಿಯಲ್ಲಿ ಇಳಿದ ಮೇಲೆ ಫ್ರಾನ್ಸಿನಿಂದ ಬರುತ್ತಿದ್ದ ಆಹಾರ ನಿಂತುಹೋಯಿತು. ಪಾರ್ಸ್‌ನಿಪ್ ಗೆಡ್ಡೆಯನ್ನು ಹುರಿದು ಪುಡಿಮಾಡಿದ್ದೇ ಕಾಫಿ, ಮುಳ್ಳುಪೊದೆಯ ಎಲೆ ಒಣಗಿಸಿದ್ದೇ ಚಹಾ. ಉಪ್ಪಿಲ್ಲದ ಮನೆಗಳಲ್ಲಿ ಸಮುದ್ರದ ನೀರೇ ಅಡುಗೆಗೆ. ಡಿಸೆಂಬರ್ 27ರಂದು ರೆಡ್ ಕ್ರಾಸ್‌ನ ವೇಗಾ ಹಡಗು ಆಹಾರದ ಪೊಟ್ಟಣಗಳನ್ನು ಹೊತ್ತು ಬರುವ ಹೊತ್ತಿಗೆ ಜನ ನಿಜವಾಗಿ ಹಸಿದಿದ್ದರು. ಆದರೂ ಆ ಹಸಿವನ್ನು ಮಗು ಗುರುತಿರುವ ಮುಖಗಳ ನಡುವೆ ಅನುಭವಿಸಿತು.

ಸ್ಟಾಕ್‌ಪೋರ್ಟ್, ಬರಿ, ಓಲ್ಡ್‌ಹ್ಯಾಮ್‌ನಂಥ ಕೈಗಾರಿಕಾ ಊರುಗಳನ್ನು ಸೇರಿದ ಮಕ್ಕಳಿಗೆ ಪಡಿತರವಿತ್ತು, ಶಾಲೆಯಿತ್ತು. ಅಪ್ಪ ಅಮ್ಮ ಮಾತ್ರ ರೆಡ್ ಕ್ರಾಸ್ ಮೂಲಕ ಬರುವ ಒಂದು ಚೀಟಿಗೆ ಇಳಿದಿದ್ದರು. ಅದರಲ್ಲಿ ಬರೆಯಬಹುದಾಗಿದ್ದದ್ದು 25 ಪದ; ಉತ್ತರಕ್ಕೆ ತಿಂಗಳುಗಟ್ಟಲೆ ಕಾಯಬೇಕಿತ್ತು. ಹೋಗುವಾಗ ಐದು ವರ್ಷದ ಮಗು ಮರಳುವಾಗ ಹತ್ತರದ್ದು, ಬಾಯಲ್ಲಿ ಉತ್ತರ ಇಂಗ್ಲೆಂಡಿನ ಉಚ್ಚಾರ. ಬಂದರಿನಲ್ಲಿ ಎದುರಾದ ಬಡಕಲು ದಂಪತಿಯೇ ತಮ್ಮ ಹೆತ್ತವರೆಂದು ಗುರುತಿಸಲಾಗದ ಮಕ್ಕಳೂ ಇದ್ದರು. ಇಂಥದ್ದರ ಮುನ್ಸೂಚನೆ ಮೊದಲೇ ಸಿಕ್ಕಿತ್ತು. 1939ರ ಡಿಸೆಂಬರಿನಲ್ಲೇ ಬೌಲ್ಬಿ, ಮಿಲ್ಲರ್, ವಿನಿಕಾಟ್ ಎಂಬ ಮೂವರು ವೈದ್ಯರು ಎರಡರಿಂದ ಐದು ವರ್ಷದ ಮಕ್ಕಳನ್ನು ತಾಯಿಯಿಂದ ಬೇರ್ಪಡಿಸುವುದರ ಅಪಾಯವನ್ನು ಬ್ರಿಟಿಷ್ ವೈದ್ಯಕೀಯ ಪತ್ರಿಕೆಗೆ ಬರೆದು ತಿಳಿಸಿದ್ದರು. ಲಂಡನ್ನಿನ ಶಿಶುಗೃಹಗಳನ್ನು ನಡೆಸಿದ ಆನಾ ಫ್ರಾಯ್ಡ್ ಮತ್ತು ಡಾರತಿ ಬರ್ಲಿಂಗ್‌ಹ್ಯಾಮ್ ಕೂಡ, ಬಾಂಬ್ ದಾಳಿಗಿಂತ ಅಗಲಿಕೆಯೇ ಮಕ್ಕಳನ್ನು ಹೆಚ್ಚು ಕುಗ್ಗಿಸುವುದನ್ನು ಕಂಡರು.

ಹಾಗಾದರೆ ಕಳುಹಿಸಿದ್ದು ತಪ್ಪೇ? ಖಂಡಿತ ಅಲ್ಲ. ಜೂನ್ 28ರಂದು ಸೇಂಟ್ ಪೀಟರ್ ಪೋರ್ಟ್ ಬಂದರಿನಲ್ಲಿ ಟೊಮೆಟೊ ಲಾರಿಗಳ ಸಾಲಿನ ಮೇಲೆ ಬಾಂಬು ಬಿದ್ದು ಮೂವತ್ತಕ್ಕೂ ಹೆಚ್ಚು ಜನ ಸತ್ತರು. ಮುಂದೇನಾಗುವುದೆಂದು ಯಾವ ತಂದೆತಾಯಿಗೂ ತಿಳಿಯುವಂತಿರಲಿಲ್ಲ. ಯಹೂದಿ ಮಕ್ಕಳ ವಿಷಯದಲ್ಲಂತೂ ಅಗಲಿಕೆಯೇ ಪ್ರಾಣ ಉಳಿಸಿತು: 1938–39ರಲ್ಲಿ ನಾಜಿಗಳಿಂದ ಪಾರಾಗಲು ಸುಮಾರು 10,000 ಮಕ್ಕಳು ಹೆತ್ತವರನ್ನು ಬಿಟ್ಟು ಬ್ರಿಟನ್ ಸೇರಿ ಬದುಕಿಕೊಂಡರು. ಗರ್ನ್ಸಿಯಿಂದ 1942ರಲ್ಲಿ ಸಾಗಿಸಲಾದ ಮೂವರು ಯಹೂದಿ ಮಹಿಳೆಯರು ಔಷ್ವಿಟ್ಸ್‌ನಲ್ಲಿ ಸತ್ತರು. ಇಲ್ಲಿನ ತಕರಾರು ರಕ್ಷಣೆಯ ಬಗ್ಗೆ ಅಲ್ಲ, ಅದನ್ನು ಏರ್ಪಡಿಸಿದ ರೀತಿಯ ಬಗ್ಗೆ. ಶಾಲೆಗೆ ಹೋಗದ ಕೂಸಿನ ಜೊತೆ ತಾಯಿ ಹೋಗಬಹುದಿತ್ತು. ಐದು ವರ್ಷದ ಮಗುವಿನ ಹೆಸರು ಶಾಲೆಯ ಹಾಜರಿ ಪುಸ್ತಕದಲ್ಲಿತ್ತೆಂಬ ಕಾರಣಕ್ಕೆ ಅದು ಶಿಕ್ಷಕರ ಪಾಲಾಯಿತು. ಆಡಳಿತದ ಅನುಕೂಲಕ್ಕೆ ಎಳೆದ ಆ ಗೆರೆಗೂ ಮಗುವಿನ ಮನಸ್ಸಿನ ವಯಸ್ಸಿಗೂ ಸಂಬಂಧವಿರಲಿಲ್ಲ. ಅನೇಕರಿಗೆ ಸಾಕುಮನೆಗಳಲ್ಲಿ ನಿಜವಾದ ಪ್ರೀತಿ ಸಿಕ್ಕಿತಲ್ಲ ಎಂದು ಕೇಳಬಹುದು. ಸಿಕ್ಕಿತು. ಹಾಗಾಗಿಯೇ 1945ರಲ್ಲಿ ಊರಿಗೆ ಹೊರಟಾಗ ಆ ಮಕ್ಕಳು ಎರಡನೆಯ ಸಲ ಒಂದು ಮನೆಯನ್ನು ಕಳೆದುಕೊಂಡರು, ಆ ಸಲ ಶಾಂತಿಕಾಲದಲ್ಲಿ.