7 ವರ್ಷ ದಾಟಿದ ಗೆಳೆತನ ಕೊನೆಯವರೆಗೂ ಉಳಿಯುತ್ತದೆಯೇ?

ಗೆಳೆತನ 7 ವರ್ಷ ದಾಟಿದರೆ ಅದು ಜೀವನಪೂರ್ತಿ ಉಳಿಯುತ್ತದೆ, ಹೀಗೆಂದು ಮನಃಶಾಸ್ತ್ರ ಹೇಳುತ್ತದೆ ಎಂಬ ಸಂದೇಶ ನಿಮ್ಮ ವಾಟ್ಸ್‌ಆ್ಯಪ್‌ಗೂ ಬಂದಿರಬಹುದು. ಆಗಸ್ಟ್ ತಿಂಗಳ ಮೊದಲ ಭಾನುವಾರ, ಸ್ನೇಹಿತರ ದಿನದಂದು, ಹಳೇ ಕ್ಲಾಸ್‌ಮೇಟ್ಸ್ ಗ್ರೂಪ್‌ಗಳಲ್ಲಿ ಇದರದ್ದೇ ಓಡಾಟ. ಓದಲು ಹಿತವಾಗಿದೆ. ಆದರೆ ಅಂಥ ನಿಯಮವೇನೂ ಇಲ್ಲ.

ಸಂದೇಶದಲ್ಲಿ ಸಂಶೋಧಕರ ಹೆಸರಿಲ್ಲ, ಇಸವಿಯಿಲ್ಲ. ಗೆಳೆತನ ಮತ್ತು 7 ವರ್ಷ ಎರಡೂ ಸೇರಿದ ಹೆಸರಾಂತ ಅಧ್ಯಯನವೊಂದು ಇದೆ. ಅದು ಹೇಳುವುದೇ ಬೇರೆ. ನೆದರ್ಲೆಂಡ್ಸ್‌ನ ಉಟ್ರೆಕ್ಟ್ ವಿಶ್ವವಿದ್ಯಾಲಯದ ಸಮಾಜಶಾಸ್ತ್ರಜ್ಞ ಗೆರಾಲ್ಡ್ ಮೊಲೆನ್‌ಹೋರ್ಸ್ಟ್ 1007 ಜನರ ಒಡನಾಟದ ವಿವರ ಪಡೆದರು. 7 ವರ್ಷ ಬಿಟ್ಟು ಅವರಲ್ಲಿ 604 ಜನರನ್ನು ಮತ್ತೆ ಕೇಳಿದರು. 2009ರಲ್ಲಿ ಹೊರಬಂದ ಫಲಿತಾಂಶದ ಪ್ರಕಾರ, ಮೊದಲು ಹೆಸರಿಸಿದವರಲ್ಲಿ ಒಡನಾಟದಲ್ಲಿ ಉಳಿದಿದ್ದವರು ಶೇ 48. ಕಷ್ಟಸುಖ ಹೇಳಿಕೊಳ್ಳುವ, ಕಷ್ಟಕ್ಕೆ ಆಗುವ ಅದೇ ಸ್ಥಾನದಲ್ಲಿದ್ದವರು ಶೇ 30 ಮಾತ್ರ. ಪಟ್ಟಿ ಚಿಕ್ಕದಾಗಿರಲಿಲ್ಲ, ಹೆಸರುಗಳು ಬದಲಾಗಿದ್ದವು.

ಏಕೆ? ತುಮಕೂರು ತಾಲ್ಲೂಕಿನ ಕೋರದಂಥ ಊರಿನಲ್ಲಿ ಒಂದೇ ಬೆಂಚಿನಲ್ಲಿ ಕೂತು ಓದಿದ ಮೂವರನ್ನು ಊಹಿಸಿಕೊಳ್ಳಿ. ಒಬ್ಬರು ವಸಂತನರಸಾಪುರದ ಕೈಗಾರಿಕಾ ಪ್ರದೇಶದಲ್ಲಿ ಶಿಫ್ಟ್ ಕೆಲಸಕ್ಕೆ, ಇನ್ನೊಬ್ಬರು ಬೆಂಗಳೂರಿಗೆ. ಮೂರನೆಯವರು ಅಡಿಕೆ ತೋಟ ನೋಡಿಕೊಂಡು ಊರಲ್ಲೇ. ಜಗಳವಾಗಿಲ್ಲ, ದಿನಾ ಸಿಗುತ್ತಿದ್ದ ಜಾಗ ಇಲ್ಲವಾಯಿತು ಅಷ್ಟೆ. ಫಾರ್ವರ್ಡ್ ಕೆಡುಕು ಮಾಡುವುದು ಇಲ್ಲೇ: ಮಾತು ನಿಂತ ಗೆಳೆಯನನ್ನು ‘ಅವನು ನಿಜವಾದ ಸ್ನೇಹಿತನೇ ಅಲ್ಲ’ ಎಂದು ತೀರ್ಮಾನಿಸಿಬಿಡುತ್ತೇವೆ.

ವರ್ಷಕ್ಕಿಂತ ಗಂಟೆ ಮುಖ್ಯ ಎನ್ನುತ್ತದೆ ಅಮೆರಿಕದ ಕಾನ್ಸಾಸ್ ವಿಶ್ವವಿದ್ಯಾಲಯದ ಜೆಫ್ರಿ ಹಾಲ್ ಅವರ 2018ರ ಅಧ್ಯಯನ. ಪರಿಚಯ ಸಲಿಗೆಯಾಗಲು ಸುಮಾರು 50 ಗಂಟೆಯ ಒಡನಾಟ ಬೇಕು, ಗೆಳೆತನವಾಗಲು 90, ಆಪ್ತತೆಗೆ 200ಕ್ಕೂ ಹೆಚ್ಚು. ಬರೀ ಕೆಲಸದಲ್ಲಿ ಜೊತೆಗೆ ಕಳೆದ ಗಂಟೆಗಳು ಅಷ್ಟಾಗಿ ಲೆಕ್ಕಕ್ಕೆ ಬರಲಿಲ್ಲ. ಅಂದರೆ ವರ್ಷಗಟ್ಟಲೆ ಪಕ್ಕದ ಮೆಷಿನ್‌ನಲ್ಲಿ ನಿಂತವರು ಆಪ್ತರಾಗದೇ ಇರಬಹುದು, ಶಿಫ್ಟ್ ಮುಗಿಸಿ ಟೀ ಅಂಗಡಿಯಲ್ಲಿ ಹರಟುವವರು ಆಗಬಹುದು.

ನಮ್ಮ ಕಡೆಯ ಹಳ್ಳಿಗಳಲ್ಲಿ ಆಡುವ ಕುರುಕ್ಷೇತ್ರ ನಾಟಕವನ್ನೇ ತೆಗೆದುಕೊಳ್ಳಿ. ಸ್ನೇಹ ಎಂದರೆ ಎಲ್ಲರೂ ಅದರಲ್ಲಿನ ಕರ್ಣ, ದುರ್ಯೋಧನರನ್ನು ನೆನೆಯುತ್ತಾರೆ. ಆದರೆ ಹಾರ್ಮೋನಿಯಂ ಮೇಷ್ಟ್ರ ಮುಂದೆ ದಿನಾ ಎರಡೆರಡು ಗಂಟೆ, ಮೂರು ತಿಂಗಳು ತಾಲೀಮು ನಡೆಸಿದರೆ 180 ಗಂಟೆ ಆಗುತ್ತದೆ. ಭೀಮನ ಪಾರ್ಟು ಮಾಡಿದವರೂ ದುರ್ಯೋಧನನ ಪಾರ್ಟು ಮಾಡಿದವರೂ ಆಪ್ತರಾಗಲು ಇನ್ನು 20 ಗಂಟೆ ಸಾಕು.