ಸೊಲ್ಲಾಪುರದ ಜಯದೇವಿತಾಯಿ



ಕಳೆದ ಚಳಿಗಾಲದ ಒಂದು ಸಂಜೆ, ವರ್ಜೀನಿಯಾದ ನಮ್ಮ ನೆರೆಮನೆಯವರು ಹಿಂದಿ ಕವಿತೆಗಳ ಓದಿಗೆ ಕರೆದಿದ್ದರು. ಮೂಲತಃ ಅಲಹಾಬಾದಿನವರು. ಅಂದು ಓದಿದ್ದೆಲ್ಲ ಮಹಾದೇವಿ ವರ್ಮಾ ಅವರದು. 1907ರಲ್ಲಿ ಫರೂಕಾಬಾದಿನಲ್ಲಿ ಹುಟ್ಟಿದ ಮಹಾದೇವಿಯವರು ಪ್ರಸಾದ್, ಪಂತ್, ನಿರಾಲಾ ಇವರೊಂದಿಗೆ ಛಾಯಾವಾದದ ನಾಲ್ಕು ಕಂಬಗಳಲ್ಲಿ ಒಬ್ಬರು. ಬಾಲ್ಯದಲ್ಲೇ ಮದುವೆಯಾಗಿತ್ತು, ಆದರೆ ಅವರು ಆರಿಸಿಕೊಂಡದ್ದು ಓದನ್ನು. ಪ್ರಯಾಗ ಮಹಿಳಾ ವಿದ್ಯಾಪೀಠವನ್ನು ಬೆಳೆಸಿದರು. ‘ಯಾಮಾ’ ಸಂಕಲನಕ್ಕೆ 1982ರ ಜ್ಞಾನಪೀಠ ಪ್ರಶಸ್ತಿ ಬಂತು. ಆ ಮನೆಯ ಪುಟ್ಟ ಹುಡುಗಿಗೂ ಅವರು ಗೊತ್ತು. ಗಾಯಗೊಂಡ ಅಳಿಲು ಮರಿಯನ್ನು ಸಾಕಿದ ಅವರ ‘ಗಿಲ್ಲು’ ಎಂಬ ಬರಹವನ್ನು ಅಜ್ಜ ಓದಿ ಹೇಳಿದ್ದಾರೆ.

ಊಟದ ಹೊತ್ತಿಗೆ ಆ ಅಜ್ಜ ಕೇಳಿದರು: “ನಿಮ್ಮ ಕನ್ನಡದಲ್ಲಿ ಇವರಂಥ ಕವಯಿತ್ರಿ ಯಾರು?” ನಾನು ಥಟ್ಟನೆ “ಅಕ್ಕಮಹಾದೇವಿ” ಎಂದೆ. “ಅವರು ಹನ್ನೆರಡನೆಯ ಶತಮಾನದವರಲ್ಲವೇ? ನಾನು ಕೇಳಿದ್ದು ನಮ್ಮ ಮಹಾದೇವಿಯ ಕಾಲದವರನ್ನು” ಎಂದರು. ಬೇಂದ್ರೆ, ಕುವೆಂಪು, ಪುತಿನ ಎಲ್ಲರೂ ನಾಲಗೆಯ ತುದಿಯಲ್ಲಿದ್ದರು. ಹೆಣ್ಣಿನ ಹೆಸರು ಮಾತ್ರ ಒಂದೂ ಬರಲಿಲ್ಲ. ನಾಚಿಕೆಯಾಯಿತು. ಮನೆಗೆ ಬಂದು ಪುಸ್ತಕದ ಕಪಾಟಿನ ಮುಂದೆ ನಿಂತಾಗ ನೆನಪಾದ ಹೆಸರು ಜಯದೇವಿತಾಯಿ ಲಿಗಾಡೆ. ಅವರ ಬಗ್ಗೆ ನನಗೆ ತಿಳಿದಿದ್ದುದು ಒಂದೇ ವಾಕ್ಯ: ಕನ್ನಡ ಸಾಹಿತ್ಯ ಸಮ್ಮೇಳನದ ಮೊದಲ ಮಹಿಳಾ ಅಧ್ಯಕ್ಷೆ. ನಮ್ಮಲ್ಲಿ ಅನೇಕರ ಸ್ಥಿತಿ ಇದೇ ಇರಬಹುದು. ಆ ಒಂದು ವಾಕ್ಯದ ಹಿಂದೆ ಏನಿದೆ ಎಂದು ಹುಡುಕಿದಾಗ ಸಿಕ್ಕಿದ್ದನ್ನು ನಿಮ್ಮೊಂದಿಗೆ ಹಂಚಿಕೊಳ್ಳುತ್ತಿದ್ದೇನೆ.

ಜಯದೇವಿತಾಯಿ ಹುಟ್ಟಿದ್ದು 1912ರಲ್ಲಿ, ಸೊಲ್ಲಾಪುರದಲ್ಲಿ. ಮಹಾದೇವಿ ವರ್ಮಾ ಅವರಿಗಿಂತ ಐದು ವರ್ಷ ಚಿಕ್ಕವರು. ಸೊಲ್ಲಾಪುರ ಆಗ ಮುಂಬಯಿ ಪ್ರಾಂತ್ಯದ ಗಿರಣಿಗಳ ಊರು. ಬೀದಿಯಲ್ಲಿ ಮರಾಠಿ, ನೇಕಾರರ ಕೇರಿಯಲ್ಲಿ ತೆಲುಗು, ಪೇಟೆಯಲ್ಲಿ ಉರ್ದು, ಬಹಳಷ್ಟು ಮನೆಗಳ ಒಳಗೆ ಕನ್ನಡ. ಜಯದೇವಿಯವರ ಶಾಲೆಯ ಓದು ಮರಾಠಿಯಲ್ಲಿ ನಡೆಯಿತು. ಚಿಕ್ಕ ವಯಸ್ಸಿನಲ್ಲೇ ಮದುವೆಯಾಯಿತು. ಕನ್ನಡ ಅವರ ಮನೆಯ ಮಾತು ನಿಜ, ಆದರೆ ಓದು ಬರಹದ ಕನ್ನಡವನ್ನು ಅವರು ತಾವಾಗಿಯೇ ಕಲಿಯಬೇಕಾಯಿತು. ಅಂದರೆ ಅವರ ಪಾಡು ನಮ್ಮ ಮಕ್ಕಳ ಪಾಡೇ: ಶಾಲೆಯ ಭಾಷೆ ಒಂದು, ಅಡುಗೆಮನೆಯ ಭಾಷೆ ಇನ್ನೊಂದು.

ಎರಡೂ ಭಾಷೆಗಳಲ್ಲಿ ಅವರು ಬರೆದರು. ವಚನಗಳನ್ನು ಮರಾಠಿಗೆ ತಂದರು. ಕನ್ನಡದಲ್ಲಿ ‘ಜಯಗೀತ’, ‘ತಾಯಿಯ ಪದಗಳು’, ‘ತಾರಕ ತಂಬೂರಿ’ ಬಂದವು. ಆದರೆ ಅವರ ದೊಡ್ಡ ಕೃತಿ ‘ಶ್ರೀ ಸಿದ್ಧರಾಮೇಶ್ವರ ಪುರಾಣ’. ಸೊಲ್ಲಾಪುರವೆಂದರೆ ವಚನಕಾರ ಸಿದ್ಧರಾಮನ ಸೊನ್ನಲಿಗೆ. ಕೆರೆ ಕಟ್ಟಿಸಿದ ಶರಣ ಅವನು. ಇಂದಿಗೂ ಸಿದ್ಧೇಶ್ವರನ ಗುಡಿಯ ಸುತ್ತ ಕೆರೆಯ ನೀರಿದೆ, ಪ್ರತಿ ಸಂಕ್ರಾಂತಿಗೆ ಜಾತ್ರೆ ನಡೆಯುತ್ತದೆ.

ಈ ಸಿದ್ಧರಾಮನ ಕಥೆಯನ್ನು ಹದಿಮೂರನೆಯ ಶತಮಾನದಲ್ಲೇ ರಾಘವಾಂಕ ಷಟ್ಪದಿಯಲ್ಲಿ ಹೇಳಿದ್ದ. ಆರು ಪಾದಗಳ ಷಟ್ಪದಿ ಪುರಾಣಕಾರರ, ಗಮಕಿಗಳ ಛಂದಸ್ಸು. ಸುಮಾರು ಏಳು ಶತಮಾನಗಳ ನಂತರ ಅದೇ ಕಥೆಯನ್ನು ಎತ್ತಿಕೊಂಡ ಜಯದೇವಿತಾಯಿ ಆರಿಸಿದ್ದು ತ್ರಿಪದಿಯನ್ನು. ಉತ್ತರ ಕರ್ನಾಟಕದಲ್ಲಿ ಹುಟ್ಟಿದವರಿಗೆ ತ್ರಿಪದಿಯ ಪರಿಚಯ ಹೇಳಬೇಕಾಗಿಲ್ಲ. ಬೆಳಗಿನ ಜಾವ ಬೀಸುವ ಕಲ್ಲಿನ ಮುಂದೆ ಕೂತ ಹೆಣ್ಣುಮಕ್ಕಳು ತವರನ್ನು, ಅಣ್ಣತಮ್ಮಂದಿರನ್ನು, ಹಡೆದವ್ವನನ್ನು ನೆನೆದು ಹಾಡಿಕೊಂಡದ್ದು ಇದೇ ಮೂರು ಸಾಲಿನಲ್ಲಿ. ಅಕ್ಷರ ಬಾರದ ಕೊರಳುಗಳಲ್ಲಿ ಉಳಿದು ಬಂದ ಈ ಮಟ್ಟಿನಲ್ಲಿ ಒಂದು ಪುರಾಣ ಕಟ್ಟುವುದೆಂದರೆ, ಅಂಥ ಸಾವಿರಾರು ಪದಗಳನ್ನು ಪೋಣಿಸುವುದೆಂದರೆ, ಸಣ್ಣ ಕೆಲಸವಲ್ಲ. ಶಾಲೆ ಕೊಡದಿದ್ದ ಕನ್ನಡವನ್ನು ಅವರು ಅಜ್ಜಿಯರ ಹಾಡಿನ ಲಯದಲ್ಲಿ ಹಿಡಿದುಕೊಂಡರು ಎಂದು ನನಗೆ ಅನ್ನಿಸುತ್ತದೆ.

ಅವರ ಇನ್ನೊಂದು ಹಂಬಲ ಕರ್ನಾಟಕದ ಏಕೀಕರಣ. ಗಡಿಯಲ್ಲಿ ನಿಂತು ಅದಕ್ಕಾಗಿ ದುಡಿದರು, ಸೊಲ್ಲಾಪುರದಲ್ಲಿ ಕನ್ನಡ ಶಾಲೆಗಳಿಗಾಗಿ ಶ್ರಮಿಸಿದರು. 1956ರ ನವೆಂಬರ್ 1ರಂದು ಕನ್ನಡ ನಾಡು ಒಂದಾಯಿತು. ಆದರೆ ಸೊಲ್ಲಾಪುರ ಆಚೆಯೇ ಉಳಿಯಿತು. 1960ರಲ್ಲಿ ಮಹಾರಾಷ್ಟ್ರಕ್ಕೆ ಸೇರಿತು. ತಾನು ಹಂಬಲಿಸಿದ ಮನೆ ಕಟ್ಟಿ ಮುಗಿದಾಗ ತನ್ನ ಊರು ಹೊಸ್ತಿಲ ಹೊರಗೆ! ಆ ನೋವನ್ನು ಯಾರಾದರೂ ಊಹಿಸಬಹುದು. ಆದರೂ ಅವರು ಮರಾಠಿಯ ಮೇಲೆ ಹಗೆ ಸಾಧಿಸಲಿಲ್ಲ. ವಚನಗಳನ್ನು ಆ ಭಾಷೆಗೆ ಕೊಟ್ಟ ಕೈ ಅದು. ಮುಂದೆ ಅವರು ಬಸವಕಲ್ಯಾಣಕ್ಕೆ ಬಂದು ನೆಲೆಸಿದರು. ಶೂನ್ಯಸಂಪಾದನೆಯಲ್ಲಿ ಕೆರೆಯ ಕೆಲಸದಲ್ಲಿ ಮುಳುಗಿದ್ದ ಸಿದ್ಧರಾಮನನ್ನು ಅಲ್ಲಮ ಕಲ್ಯಾಣಕ್ಕೆ ಕರೆದೊಯ್ಯುತ್ತಾನಲ್ಲವೇ? ಆ ಹಾದಿಯಲ್ಲೇ ಅವನ ಪುರಾಣ ಬರೆದವರೂ ನಡೆದರು. 1986ರಲ್ಲಿ ಅವರು ತೀರಿಕೊಂಡರು.

ಇನ್ನು ಆ ಸಮ್ಮೇಳನದ ಮಾತು. ಮೊದಲ ಸಮ್ಮೇಳನ ಬೆಂಗಳೂರಿನಲ್ಲಿ ನಡೆದದ್ದು 1915ರಲ್ಲಿ. ಹೆಣ್ಣೊಬ್ಬರನ್ನು ಅಧ್ಯಕ್ಷಪೀಠದಲ್ಲಿ ಕೂರಿಸಲು ಕನ್ನಡಿಗರಿಗೆ 59 ವರ್ಷ ಹಿಡಿಯಿತು. 1974ರಲ್ಲಿ ಮಂಡ್ಯದ 48ನೆಯ ಸಮ್ಮೇಳನಕ್ಕೆ ಜಯದೇವಿತಾಯಿ ಅಧ್ಯಕ್ಷರಾದರು. ಎರಡನೆಯವರಿಗಾಗಿ ಮತ್ತೆ 26 ವರ್ಷ ಕಾಯಬೇಕಾಯಿತು: 2000ದಲ್ಲಿ ಬಾಗಲಕೋಟೆಯಲ್ಲಿ ಶಾಂತಾದೇವಿ ಮಾಳವಾಡ. ಆಮೇಲೆ 2003ರಲ್ಲಿ ಮೂಡುಬಿದಿರೆಯಲ್ಲಿ ಕಮಲಾ ಹಂಪನಾ, 2010ರಲ್ಲಿ ಗದಗಿನಲ್ಲಿ ಗೀತಾ ನಾಗಭೂಷಣ. 2024ರ ಡಿಸೆಂಬರಿನಲ್ಲಿ ಸಮ್ಮೇಳನ ಮತ್ತೆ ಮಂಡ್ಯಕ್ಕೆ ಬಂದಾಗ ಅದು 87ನೆಯದು. ಅಲ್ಲಿಯವರೆಗೆ ಆ ಪೀಠವೇರಿದ ಮಹಿಳೆಯರು ಈ ನಾಲ್ವರೇ.

ಈ ಲೆಕ್ಕ ಬೇಸರ ತರುವಂಥದ್ದು. ಅದಕ್ಕಿಂತ ಹೆಚ್ಚು ಬೇಸರ ನನ್ನ ಬಗ್ಗೆಯೇ. ನಾವು ಅವರ ಪೀಠವನ್ನು ನೆನಪಿಟ್ಟುಕೊಂಡು ಪದಗಳನ್ನು ಮರೆತೆವು. ‘ಮೊದಲ ಮಹಿಳೆ’ ಎಂಬ ಬಿರುದು ಕೊಟ್ಟು ಕವಯಿತ್ರಿಯನ್ನು ಸಾಮಾನ್ಯ ಜ್ಞಾನದ ಪ್ರಶ್ನೋತ್ತರಕ್ಕೆ ಸೇರಿಸಿಬಿಟ್ಟೆವು. ಹಿಂದಿಯವರು ಮಹಾದೇವಿಯವರನ್ನು ಉಳಿಸಿಕೊಂಡದ್ದು ಪ್ರಶಸ್ತಿಗಳ ಪಟ್ಟಿಯಿಂದಲ್ಲ, ಮಗುವಿನ ಬಾಯಿಗೆ ಒಂದು ಅಳಿಲನ್ನು ಕೊಟ್ಟು.

ವಾಷಿಂಗ್ಟನ್, ಅಟ್ಲಾಂಟಾ, ಕ್ಯಾರೊಲೈನಾಗಳಲ್ಲಿ ಚದುರಿರುವ ನಾವು ಭಾನುವಾರದ ಕನ್ನಡ ತರಗತಿಗಳನ್ನು ನಡೆಸುವಾಗ ‘ಇದರಿಂದ ಏನಾದೀತು’ ಎಂದು ಆಗಾಗ ಕೈಚೆಲ್ಲುತ್ತೇವೆ. ವಾರವಿಡೀ ಇಂಗ್ಲಿಷಿನಲ್ಲಿ ಮುಳುಗಿದ ಮಗು ಒಂದು ಗಂಟೆಯಲ್ಲಿ ಏನು ತಾನೇ ಕಲಿತೀತು? ಮರಾಠಿ ಶಾಲೆಯಲ್ಲಿ ಓದಿದ ಸೊಲ್ಲಾಪುರದ ಒಬ್ಬ ಹುಡುಗಿ ಏನು ಬರೆದಳೆಂದು ಆಗ ನೆನೆಯೋಣ. ಮಕ್ಕಳಿಗೆ ವ್ಯಾಕರಣಕ್ಕೆ ಮೊದಲು ಒಂದು ತ್ರಿಪದಿಯ ಮಟ್ಟನ್ನು ಕಲಿಸಿ ನೋಡೋಣ. ನಿಮ್ಮ ಮನೆಯಲ್ಲಿ ಬೀಸುವ ಪದ ಬಲ್ಲ ಅಜ್ಜಿ ಇದ್ದರೆ, ಈ ಬೇಸಿಗೆ ರಜೆಯಲ್ಲಿ ಊರಿಗೆ ಹೋದಾಗ ದಯವಿಟ್ಟು ಹಾಡಿಸಿ, ಧ್ವನಿಮುದ್ರಿಸಿಕೊಂಡು ಬನ್ನಿ.

ನೆರೆಮನೆಯ ಅಜ್ಜನಿಗೆ ಹೋದ ವಾರ ನನ್ನ ಉತ್ತರ ಮುಟ್ಟಿಸಿದೆ. ಹೆಸರನ್ನು ದೇವನಾಗರಿಯಲ್ಲಿ ಬರೆದುಕೊಂಡು, “ಒಂದು ಪದ ಹೇಳಿ, ಅರ್ಥ ಆಮೇಲೆ ಕೇಳುತ್ತೇನೆ” ಎಂದರು. ನನಗೆ ಒಂದೂ ಬಾಯಿಪಾಠವಿರಲಿಲ್ಲ. ಮುಂದಿನ ಸಲ ಹೋಗುವಷ್ಟರಲ್ಲಿ ಕಲಿತಿರಬೇಕು.